ಸ್ಲೈಡಿಗೆ ಮೊದಲು ನೋಡಬೇಕಾದ್ದು ಪೈಪಿನ ದಪ್ಪ

ಮಾನ್ಯ ಸಂಪಾದಕರೇ,

ಬೆರಳಿಗೆ ತೊಟ್ಟು ತಂತಿಗಳ ಮೇಲೆ ಜಾರಿಸುವ ಕೊಳವೆ, ಅಂದರೆ ಗಿಟಾರ್ ಸ್ಲೈಡನ್ನು ಮನೆಯಲ್ಲೇ ಮಾಡಿಕೊಳ್ಳಲು ಹೊರಟವರು ಕೇಳುವ ಮೊದಲ ಪ್ರಶ್ನೆ, ‘ತಾಮ್ರವೋ, ಹಿತ್ತಾಳೆಯೋ?’ ಲೋಹದ ಹೆಸರಿಗಿಂತ ಪೈಪಿನ ಗೋಡೆಯ ದಪ್ಪ ಮುಖ್ಯ. 22 ಮಿ.ಮೀ. ಹೊರವ್ಯಾಸ, 1 ಮಿ.ಮೀ. ದಪ್ಪದ ತಾಮ್ರದ ಪೈಪನ್ನು 65 ಮಿ.ಮೀ. ಉದ್ದಕ್ಕೆ ಕತ್ತರಿಸಿದರೆ ತೂಕ ಬರೀ 38 ಗ್ರಾಂ. ಅಷ್ಟು ಹಗುರವಾದ ತುಂಡನ್ನು ತಂತಿಯ ಕಂಪನವೇ ಅಲುಗಿಸುತ್ತದೆ. ನಾದ ಬೇಗ ಸಾಯುತ್ತದೆ, ದಪ್ಪ ತಂತಿಗಳು ಕಿರಗುಟ್ಟುತ್ತವೆ. 24 ಮಿ.ಮೀ. ಹೊರವ್ಯಾಸ, 2.5 ಮಿ.ಮೀ. ದಪ್ಪದ ಹಿತ್ತಾಳೆಯಾದರೆ ಅದೇ ಉದ್ದಕ್ಕೆ ಸುಮಾರು 93 ಗ್ರಾಂ. ನಾದ ತುಂಬಿಕೊಂಡು ಬಹಳ ಹೊತ್ತು ಉಳಿಯುತ್ತದೆ. ಇದೇ ಅಳತೆಯ ಅಲ್ಯೂಮಿನಿಯಂ 30 ಗ್ರಾಂ ದಾಟುವುದಿಲ್ಲ, ಅದನ್ನು ಬಿಡಿ. ಗುಜರಿಯ ಉಕ್ಕಿನ ಪೈಪ್ ಒಳ್ಳೆಯದೇ. ಆದರೆ ಒಳಗೆ ಬೆಸುಗೆಯ ಏಣು ಇದ್ದರೆ ಬೆರಳಿಗೆ ಒತ್ತುತ್ತದೆ. ಸತುವಿನ ಲೇಪದ ಪೈಪ್ ಬೇಡ, ಉಜ್ಜಿದಷ್ಟೂ ಲೇಪ ಏಳುತ್ತದೆ.

ಕತ್ತರಿಸುವಾಗ ಪೈಪಿನ ಸುತ್ತ ಕಾಗದದ ಪಟ್ಟಿ ಸುತ್ತಿ, ಅಂಚಿಗೆ ಅಂಚು ಕೂಡಿಸಿ ಗೆರೆ ಎಳೆಯಿರಿ. ಬಿಗಿದು ಹಿಡಿಯುವ ವೈಸ್‌ನಲ್ಲಿ ಸಿಕ್ಕಿಸುವ ಮುನ್ನ ಒಳಗೊಂದು ಮರದ ಕೋಲು ತೂರಿಸಿ, ಇಲ್ಲವಾದರೆ ಪೈಪ್ ಚಪ್ಪಟೆಯಾಗುತ್ತದೆ. ಹ್ಯಾಕ್ಸಾಗೆ ಇಂಚಿಗೆ 32 ಹಲ್ಲಿನ ಬ್ಲೇಡ್ ಹಾಕಿ, ಪೈಪನ್ನು ಆಗಾಗ ತಿರುಗಿಸುತ್ತ ಕೊಯ್ಯಿರಿ. ಪೈಪ್ ಕಟರ್ ಹೊರಗೆ ನುಣ್ಣಗೆ ಕತ್ತರಿಸಿದರೂ ಅಂಚನ್ನು ಒಳಕ್ಕೆ ಮಡಚುತ್ತದೆ. ಬೆರಳು ಹೋಗುತ್ತಿದ್ದ ತೂತು ಕಿರಿದಾಗಿ, ಗೆಣ್ಣಿನ ಚರ್ಮ ಕಿತ್ತುಬರುತ್ತದೆ. ದುಂಡನೆಯ ಅರದಿಂದ ಒಳಗಿನ ಅಂಚನ್ನು ಉಗುರಿಗೆ ತಾಗದಷ್ಟು ಉಜ್ಜಲೇಬೇಕು. ಹೊರಗೆ ಹೊಳಪು ಬಂದ ಕೂಡಲೇ ಕೆಲಸ ಮುಗಿಯಿತೆಂದು ಇದನ್ನೇ ಬಿಟ್ಟುಬಿಡುವವರು ಬಹಳ.

ಹೊರಮೈಗೆ 240, 400, 800, 1200 ನಂಬರಿನ ಎಮರಿ ಪೇಪರ್, ಹೀಗೆ ಒರಟಿನಿಂದ ನುಣುಪಿಗೆ ಹಿಡಿಯಿರಿ. ಕೊನೆಯ ಎರಡು ಸಲ ಪೈಪಿನ ಸುತ್ತಲೇ ಉಜ್ಜಿ. ಉದ್ದಕ್ಕೆ ಬಿದ್ದ ಗೀರು ಸುರುಳಿ ಸುತ್ತಿದ ತಂತಿಗೆ ಅಡ್ಡ ಸಿಕ್ಕಿ ಕರಕರ ಎನ್ನುತ್ತದೆ. ಸುತ್ತಲಿನ ಗೀರು ಅಷ್ಟು ಕೇಳಿಸದು. ಉಕ್ಕಿನ ಸ್ಕೇಲನ್ನು ಮೇಲಿಟ್ಟು ಬೆಳಕಿಗೆ ಹಿಡಿದು ನೋಡಿ. ನಡುವೆ ಬೆಳಕು ಕಂಡರೆ ಪೈಪ್ ಬಾಗಿದೆ, ಕೆಲವು ತಂತಿಗಳಿಗೆ ತಾಗುವುದೇ ಇಲ್ಲ.

ತೂತು ಸಡಿಲವಾದರೆ ಒಳಗೆ ತೆಳು ಚರ್ಮದ ಪಟ್ಟಿ ಅಂಟಿಸಬಹುದು. ಬಿಗಿಯಾದುದನ್ನು ಮಾತ್ರ ಒತ್ತಿ ತೊಡಬೇಡಿ; ಸೆಕೆಗೆ ಬೆರಳು ಊದಿಕೊಂಡರೆ ಸೋಪಿನ ನೀರಿಲ್ಲದೆ ಹೊರಬರುವುದಿಲ್ಲ.

– ಒಬ್ಬ ಗಿಟಾರ್ ವಾದಕ