ತಂಡಕ್ಕೆ ಊರಿನ ಹೆಸರಷ್ಟೇ ಸಾಲದು, ಆಡಲು ನೆಲವೂ ಬೇಕು

ಮಾನ್ಯ ಸಂಪಾದಕರೇ,

ಫುಟ್ಸಾಲ್, ಅಂದರೆ ಒಳಾಂಗಣ ಫುಟ್‌ಬಾಲ್ ಬಗ್ಗೆ ನಮ್ಮ ಪತ್ರಿಕೆಗಳಲ್ಲಿ ಓದಲು ಸಿಗುವುದು ಕಡಿಮೆ. ಅದಕ್ಕೇ ಬರೆಯುತ್ತಿದ್ದೇನೆ. ನಾನು ಬೆಂಗಳೂರಿನ ಹಲಸೂರು ಕಡೆಯವನು. ಪಕ್ಕದ ಗೌತಮಪುರದಲ್ಲಿ ಪೆಲೆ ಪ್ರತಿಮೆ ಇದೆ. ಅಲ್ಲಿ ನಡೆಯಲು ಕಲಿತ ಮಗು ಮೊದಲು ಒದೆಯುವುದೇ ಚೆಂಡನ್ನು. ಕೆಲಸ ಮುಗಿಸಿ ಬಂದು ವಾರಕ್ಕೆ ಮೂರು ಸಂಜೆ ನಮ್ಮ ಬೀದಿಯ ಹುಡುಗರಿಗೆ ಆಟ ಹೇಳಿಕೊಡುತ್ತೇನೆ.

2016ರ ಜುಲೈನಲ್ಲಿ ಪ್ರೀಮಿಯರ್ ಫುಟ್ಸಾಲ್ ಲೀಗ್ ಮೊದಲ ಸಲ ನಡೆದಾಗ ನಮಗೆಲ್ಲ ಹಬ್ಬ. ಆರು ತಂಡಗಳಲ್ಲಿ ನಮ್ಮ ಊರಿನ ಹೆಸರಿನದೂ ಒಂದಿತ್ತು. ಅದಕ್ಕೆ ಇಂಗ್ಲೆಂಡಿನ ಮ್ಯಾಂಚೆಸ್ಟರ್ ಯುನೈಟೆಡ್ ಕ್ಲಬ್‌ನ ಹಳೇ ಆಟಗಾರ ಪಾಲ್ ಸ್ಕೋಲ್ಸ್ ಬಂದಿದ್ದರು. ಮುಂಬೈಗೆ ಗಿಗ್ಸ್, ಗೋವಾಕ್ಕೆ ರೊನಾಲ್ಡಿನೋ, ಚೆನ್ನೈಗೆ ಬ್ರೆಜಿಲ್‌ನ ಫಾಲ್ಕಾವೊ. ಈ ಕೊನೆಯ ಹೆಸರು ಹುಡುಗರಿಗೆ ಗೊತ್ತಿರಲಿಲ್ಲ. ಫುಟ್ಸಾಲ್ ಆಡುವವರಿಗೆ ಮಾತ್ರ ಅವರು ದೇವರಂತೆ.

ಬೆಂಗಳೂರು ತಂಡ ಗೋವಾ ಎದುರು 2–7ರಲ್ಲಿ ಸೋತ ದಿನ ನನಗಿನ್ನೂ ನೆನಪಿದೆ. ರೊನಾಲ್ಡಿನೋ ಒಬ್ಬರೇ ಐದು ಗೋಲು ಹೊಡೆದರು. ನನ್ನ ಮನೆಯ ಟಿವಿ ಮುಂದೆ ಕೂತಿದ್ದ ಹುಡುಗರಿಗೆ ಸೋಲಿನ ಬೇಜಾರು ಇದ್ದರೂ ಅವರ ಕಣ್ಣೆಲ್ಲ ಆ ಮನುಷ್ಯನ ಅಂಗಾಲಿನ ಮೇಲೆ. ಚೆಂಡನ್ನು ಅಂಗಾಲಿನಿಂದ ಅದುಮಿ ಹಿಡಿಯುವುದು, ಹಿಂದಕ್ಕೆ ಎಳೆದುಕೊಳ್ಳುವುದು, ಅದೇ ಕಾಲಿನಿಂದ ಪಕ್ಕಕ್ಕೆ ಉರುಳಿಸಿ ಜಾರಿಕೊಳ್ಳುವುದು. 'ಅಣ್ಣಾ, ಆ ಬಾಲ್ ಯಾಕೆ ಪುಟಿಯೋದೇ ಇಲ್ಲ?' ಅಂತ ಒಬ್ಬ ಕೇಳಿದ. ಫುಟ್ಸಾಲ್ ಚೆಂಡು ಚಿಕ್ಕದು, ನಾಲ್ಕನೇ ಸೈಜಿನದು. ಎರಡು ಮೀಟರ್ ಎತ್ತರದಿಂದ ಬಿಟ್ಟರೆ 65 ಸೆಂಟಿಮೀಟರ್‌ಗಿಂತ ಜಾಸ್ತಿ ಪುಟಿಯಬಾರದು ಅಂತ ನಿಯಮವೇ ಇದೆ ಅಂದೆ.

ಮಾರನೇ ದಿನ ಸಂಜೆ ಹೋಗಿ ನೋಡಿದರೆ ಗೋಡೆಯ ಮೇಲೆ ಸೀಮೆಸುಣ್ಣದ ಎರಡು ಗೆರೆ. ಒಂದು ಎರಡು ಮೀಟರ್‌ಗೆ, ಇನ್ನೊಂದು ಮೊಣಕಾಲಿನ ಸ್ವಲ್ಪ ಮೇಲೆ. ದರ್ಜಿ ಅಂಗಡಿಯಿಂದ ಟೇಪು ಕೇಳಿ ತಂದಿದ್ದರು. ಒಬ್ಬ ಕಲ್ಲಿನ ಮೇಲೆ ನಿಂತು ಹಳೇ ಚೆಂಡನ್ನು ಬಿಡುತ್ತಿದ್ದ. ಇನ್ನೊಬ್ಬ ನೆಲದ ಮೇಲೆ ಕೂತು ಕೆಳಗಿನ ಗೆರೆ ನೋಡುತ್ತಿದ್ದ. ಗೆರೆ ದಾಟಿದರೆ ಇನ್ನೊಂದಿಷ್ಟು ಗಾಳಿ ಬಿಡುವುದು, ಮತ್ತೆ ಎತ್ತಿ ಹಾಕುವುದು. ಕತ್ತಲಾಗುವವರೆಗೂ ಇದೇ ಕೆಲಸ. ಕೊನೆಗೆ ಚೆಂಡು ಗೆರೆಯ ಕೆಳಗೇ ನಿಂತಾಗ ಅವರು ಹಾಕಿದ ಕೂಗು ಇವತ್ತಿಗೂ ಕಿವಿಯಲ್ಲಿದೆ.

ಒಂದು ಹೊಸ ತಂಡದ ಮೊದಲ ಸೀಸನ್ ಮಾಡಬಹುದಾದ ದೊಡ್ಡ ಕೆಲಸ ಇದೇ. ಆದರೆ ಬೆಂಗಳೂರಿನ ಹೆಸರು ಹೊತ್ತ ಆ ತಂಡ ಆ ವರ್ಷ ಬೆಂಗಳೂರಿನಲ್ಲಿ ಒಂದೇ ಒಂದು ಪಂದ್ಯವನ್ನೂ ಆಡಲಿಲ್ಲ. ಪಂದ್ಯಗಳೆಲ್ಲ ನಡೆದದ್ದು ಚೆನ್ನೈ ಮತ್ತು ಗೋವಾದಲ್ಲಿ. ಜುಲೈ 15ಕ್ಕೆ ಶುರುವಾಗಿ 24ಕ್ಕೆ ಮುಗಿದೇ ಹೋಯಿತು. ಕಪ್ ಮುಂಬೈ ಪಾಲಾಯಿತು. ಮರುವರ್ಷ ಇನ್ನೊಂದು ಸೀಸನ್ ನಡೆಯಿತು, ಅಲ್ಲಿಗೆ ಲೀಗ್ ನಿಂತಿತು. ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ ಅದಕ್ಕೆ ಮಾನ್ಯತೆಯನ್ನೂ ಕೊಟ್ಟಿರಲಿಲ್ಲ. ಸರಿ ತಪ್ಪು ಯಾರದೇ ಇರಲಿ, ಗೋಡೆಗೆ ಗೆರೆ ಎಳೆದ ಹುಡುಗರಿಗೆ ಮುಂದೆ ಹೋಗಲು ದಾರಿಯೇ ಇರಲಿಲ್ಲ.

ಈಗ ಗಲ್ಲಿಗೊಂದು ಟರ್ಫ್, ಅಂದರೆ ಸುತ್ತ ಬಲೆ ಕಟ್ಟಿದ ಕೃತಕ ಹುಲ್ಲಿನ ಬಾಡಿಗೆ ಅಂಕಣ ಇದೆಯಲ್ವಾ, ಅಲ್ಲೇ ಆಡಿ ಅನ್ನುವವರಿದ್ದಾರೆ. ಟರ್ಫ್ ಬೇರೆ, ಫುಟ್ಸಾಲ್ ಬೇರೆ. ಟರ್ಫ್‌ನಲ್ಲಿ ಚೆಂಡು ಪುಟಿಯುತ್ತದೆ, ಬಲೆಗೆ ಬಡಿದು ವಾಪಸ್ ಬರುತ್ತದೆ, ತಪ್ಪು ಪಾಸ್ ಕೂಡ ನಡೆದುಹೋಗುತ್ತದೆ. ಫುಟ್ಸಾಲ್‌ನಲ್ಲಿ ಪಕ್ಕದ ಗೆರೆ ದಾಟಿತೆಂದರೆ ಚೆಂಡು ಎದುರಾಳಿಯದು. ಅದನ್ನು ನಾಲ್ಕು ಸೆಕೆಂಡಿನೊಳಗೆ ಒಳಗೆ ಒದೆಯಬೇಕು. ಒಂದು ಅರ್ಧದಲ್ಲಿ ತಂಡ ಆರನೇ ಫೌಲ್ ಮಾಡಿದರೆ ಎದುರಾಳಿಗೆ ಆಟಗಾರರ ಅಡ್ಡಗೋಡೆ ಇಲ್ಲದ ಫ್ರೀ ಕಿಕ್. ಸುಮ್ನೆ ನುಗ್ಗುವ ಹುಡುಗ ಇಲ್ಲಿ ಯೋಚಿಸಲೇಬೇಕು. ಇನ್ನು ಟರ್ಫ್ ಬಾಡಿಗೆಯ ಮಾತು. ಎಷ್ಟೋ ಕಡೆ ಗಂಟೆಗೆ ಸಾವಿರ ರೂಪಾಯಿಗೂ ಜಾಸ್ತಿ. ನಮ್ಮ ಹುಡುಗರ ಅಪ್ಪಂದಿರಲ್ಲಿ ಆಟೋ ಓಡಿಸುವವರು, ಗಾರೆ ಕೆಲಸದವರು ಇದ್ದಾರೆ. ಎಲ್ಲಿಂದ ತರಬೇಕು?

ಕಳೆದ ಬಾರಿ ಬೇಸಿಗೆ ರಜೆಯಲ್ಲಿ ಹತ್ತು ಹುಡುಗರನ್ನು ಕರೆದುಕೊಂಡು ಒಂದು ಒಳಾಂಗಣ ಕ್ರೀಡಾಂಗಣಕ್ಕೆ ಹೋಗಿದ್ದೆ. ಹೆಸರು ಬೇಡ. ಮರದ ನೆಲ ಫಳಫಳ ಅನ್ನುತ್ತಿತ್ತು. ಹುಡುಗರು ಚಪ್ಪಲಿ ಹೊರಗೆ ಬಿಟ್ಟು ಬಾಗಿಲಲ್ಲೇ ನಿಂತರು. 'ಇಲ್ಲಿ ಶಟಲ್, ಬ್ಯಾಸ್ಕೆಟ್‌ಬಾಲ್ ಮಾತ್ರ. ಫುಟ್‌ಬಾಲ್ ಆಡಿದರೆ ಗಾಜು ಒಡೆಯುತ್ತೆ' ಅಂದರು ಒಳಗಿದ್ದವರು. ಈ ಚೆಂಡು ಅಷ್ಟು ಪುಟಿಯುವುದಿಲ್ಲ ಸಾರ್ ಅಂತ ಅವರ ಮುಂದೆಯೇ ನೆಲಕ್ಕೆ ಬಿಟ್ಟು ತೋರಿಸಿದೆ. ಅವರು ನೋಡಲೇ ಇಲ್ಲ. ಅದೇ ಗೋಡೆಗೆ ಮುಂದಿನ ವಾರದ ಬಟ್ಟೆ ಮೇಳದ ಬ್ಯಾನರ್ ಕಟ್ಟಿತ್ತು. ಮೇಳಕ್ಕೆ ಸಿಗುವ ನೆಲ ಮಕ್ಕಳಿಗೆ ಯಾಕೆ ಸಿಗುವುದಿಲ್ಲ ಅಂತ ಅವತ್ತು ತುಂಬಾ ನೋವಾಯಿತು.

ಹೊಸದಾಗಿ ಏನನ್ನೂ ಕಟ್ಟಬೇಕಿಲ್ಲ. ಹ್ಯಾಂಡ್‌ಬಾಲ್ ಅಂಕಣ 40 ಮೀಟರ್ ಉದ್ದ, 20 ಮೀಟರ್ ಅಗಲ. ಅಂತರರಾಷ್ಟ್ರೀಯ ಫುಟ್ಸಾಲ್ ಪಂದ್ಯಕ್ಕೂ ಆ ಅಳತೆ ಸರಿಹೋಗುತ್ತದೆ. ಹ್ಯಾಂಡ್‌ಬಾಲ್ ಗೋಲು ಮೂರು ಮೀಟರ್ ಅಗಲ, ಎರಡು ಮೀಟರ್ ಎತ್ತರ. ಫುಟ್ಸಾಲ್ ಗೋಲೂ ಅಷ್ಟೇ. ಅಂದರೆ ಹ್ಯಾಂಡ್‌ಬಾಲ್ ಆಡುವ ಹಾಲ್ ಇದ್ದ ಕಡೆಯೆಲ್ಲ ನೆಲವೂ ಸಿದ್ಧ, ಗೋಲ್‌ಪೋಸ್ಟೂ ಸಿದ್ಧ. ಈ ಆಟ ಹುಟ್ಟಿದ್ದೂ ಹೀಗೇ. 1930ರಲ್ಲಿ ಉರುಗ್ವೆಯ ಮಾಂಟೆವಿಡಿಯೊದಲ್ಲಿ ಹುವಾನ್ ಕಾರ್ಲೋಸ್ ಸೆರಿಯಾನಿ ಎಂಬ ಮೇಷ್ಟ್ರು ವೈಎಂಸಿಎ ಹಾಲ್‌ನಲ್ಲಿ ಹುಡುಗರು ಆಡಲೆಂದು ಬೇರೆ ಆಟಗಳ ನಿಯಮಗಳನ್ನೇ ಜೋಡಿಸಿದರು. ಹ್ಯಾಂಡ್‌ಬಾಲ್, ವಾಟರ್ ಪೋಲೊ, ಬ್ಯಾಸ್ಕೆಟ್‌ಬಾಲ್ ಎಲ್ಲದರಿಂದಲೂ ಒಂದೊಂದು ತೆಗೆದುಕೊಂಡರು.

ಈಗ ಮಾನ್ಯತೆಯ ತಕರಾರೂ ಇಲ್ಲ. ಫೆಡರೇಷನ್ 2021ರಲ್ಲಿ ತಾನೇ ಫುಟ್ಸಾಲ್ ಕ್ಲಬ್ ಚಾಂಪಿಯನ್‌ಷಿಪ್ ಶುರುಮಾಡಿತು. ಮೊದಲ ಪ್ರಶಸ್ತಿ ಡೆಲ್ಲಿ ಎಫ್‌ಸಿಗೆ. 2023ರಲ್ಲಿ ಭಾರತದ ಪುರುಷರ ತಂಡ ಮೊದಲ ಸಲ ಅಂತರರಾಷ್ಟ್ರೀಯ ಪಂದ್ಯವನ್ನೂ ಆಡಿತು. ನಾಳೆ ನಮ್ಮ ರಾಜ್ಯದಿಂದ ಹೊಸ ವೃತ್ತಿಪರ ತಂಡ ಹುಟ್ಟಿದರೆ ನನ್ನಷ್ಟು ಖುಷಿಪಡುವವರು ಇನ್ನೊಬ್ಬರಿಲ್ಲ. ತಂಡ ಕಟ್ಟುವವರಲ್ಲಿ ನನ್ನದೊಂದು ಕೋರಿಕೆ. ದೊಡ್ಡ ಹೆಸರುಗಳಿಗೆ ಹಣ ಹಾಕುವ ಮೊದಲು ಊರೊಳಗೆ ಒಂದು ಹಾಲ್ ಗೊತ್ತುಮಾಡಿ. ಮೊದಲ ಪಂದ್ಯ ಇಲ್ಲೇ ಆಡಿ. ತಂಡದ ಅಭ್ಯಾಸ ನೋಡಲು ಸರ್ಕಾರಿ ಶಾಲೆಯ ಮಕ್ಕಳನ್ನು ಒಳಗೆ ಬಿಡಿ.

ಕ್ರೀಡಾ ಇಲಾಖೆಯವರಲ್ಲೂ ಕೇಳಿಕೊಳ್ಳುವುದಿದೆ. ಜಿಲ್ಲೆಗಳ ಒಳಾಂಗಣ ಕ್ರೀಡಾಂಗಣಗಳಲ್ಲಿ ವಾರಕ್ಕೆ ಎರಡು ಸಂಜೆ, ಒಂದೊಂದು ಗಂಟೆ ಫುಟ್ಸಾಲ್‌ಗೆ ಕೊಡಿ. ಶಟಲ್ ಆಡುವವರು ಹೋದ ಮೇಲಾದರೂ ಸರಿ. ಗೋಡೆಗೆ ಗೆರೆ ಎಳೆದ ಹುಡುಗರು ಈಗ ದೊಡ್ಡವರಾಗಿ ಕೆಲಸಕ್ಕೆ ಹೋಗುತ್ತಿದ್ದಾರೆ. ಅವರಲ್ಲಿ ಇಬ್ಬರು ಈಗಲೂ ಸಂಜೆ ನನ್ನ ಜೊತೆ ಚಿಕ್ಕವರಿಗೆ ಹೇಳಿಕೊಡಲು ಬರುತ್ತಾರೆ. ನಮಗೊಂದು ಹಾಲ್ ಸಿಕ್ಕರೆ ಚೆಂಡು ನಾವೇ ತರುತ್ತೇವೆ. ಆಟ ಮುಗಿದ ಮೇಲೆ ನೆಲವನ್ನೂ ನಾವೇ ಒರೆಸಿ ಹೋಗುತ್ತೇವೆ.

ಇಂತಿ,
ಒಬ್ಬ ಫುಟ್‌ಬಾಲ್ ಪ್ರೇಮಿ,
ಹಲಸೂರು, ಬೆಂಗಳೂರು