ಬಲಗಡೆ ವಿಮಾನ ಸ್ಪಷ್ಟ, ಎಡಗಡೆ ವಿಮಾನ ಮಂಕು: ಸರ್ವಿಸ್ ಆಗಿ ಬಂದ ಲೆನ್ಸ್ ಬಗ್ಗೆ ದೂರು

ಇವರಿಗೆ,
ಮುಖ್ಯಸ್ಥರು,
ಲೆನ್ಸ್ ರಿಪೇರಿ ವಿಭಾಗ

ವಿಷಯ: ಸರ್ವಿಸ್ ಆದ ಮೇಲೆ 150-600 ಎಂಎಂ ಲೆನ್ಸಿನಲ್ಲಿ ಚಿತ್ರದ ಎಡಭಾಗ ಮಂಕಾಗಿರುವುದು, ಮತ್ತು ಅದಕ್ಕೆ ನೀವು ಕೊಟ್ಟ ಉತ್ತರ

ಮಾನ್ಯರೇ,

ಜೂಮ್ ರಿಂಗ್ ಬಿಗಿಯಾಗಿದೆ, ತಿರುಗಿಸುವಾಗ ನಡುವೆ ಹಿಡಿದುಕೊಳ್ಳುತ್ತದೆ ಎಂದು ನನ್ನ ಲೆನ್ಸನ್ನು ನಿಮ್ಮಲ್ಲಿ ರಿಪೇರಿಗೆ ಕೊಟ್ಟಿದ್ದೆ. ಏರ್‌ಶೋ ಹತ್ತಿರ ಬರುತ್ತಿದೆ, ಅದಕ್ಕೆ ಮೊದಲೇ ಬೇಕು ಎಂದು ಜಾಬ್ ಶೀಟ್‌ನಲ್ಲಿ ಬರೆಸಿಯೂ ಇದ್ದೆ. ಲೆನ್ಸ್ ಕೈಗೆ ಬಂದದ್ದು ಶೋ ಹಿಂದಿನ ಸಂಜೆ. ರಿಂಗ್ ಈಗ ನುಣ್ಣಗೆ ತಿರುಗುತ್ತದೆ, ಆ ಕೆಲಸ ಚೆನ್ನಾಗಿ ಮಾಡಿದ್ದೀರಿ. ಆದರೆ 600 ಎಂಎಂನಲ್ಲಿ, ಅಂದರೆ ಜೂಮ್ ಪೂರ್ತಿ ಎಳೆದು, ತೆಗೆದ ಪ್ರತಿಯೊಂದು ಚಿತ್ರದ ಎಡಗಡೆಯ ಮೂರನೇ ಒಂದು ಭಾಗ ಮಂಕು. ಸರ್ವಿಸ್‌ಗೆ ಕೊಡುವ ಮೊದಲು ಹೀಗಿರಲಿಲ್ಲ. ಬಿಚ್ಚಿ ಜೋಡಿಸುವಾಗ ಒಳಗಿನ ಯಾವುದೋ ಗಾಜು ಓರೆಯಾಗಿ ಕೂತಿದೆ ಎಂಬುದೇ ನನ್ನ ದೂರು.

ಇದನ್ನು ಚಿತ್ರಗಳ ಸಮೇತ ನಿಮಗೆ ಇಮೇಲ್ ಮಾಡಿದ್ದೆ. ನಿಮ್ಮ ಉತ್ತರದ ಸಾರ ಇಷ್ಟು: ಲೆನ್ಸ್ ಸರಿ ಇದೆ, ದೂರದ ವಿಮಾನ ತೆಗೆಯುವಾಗ ಬಿಸಿಲ ಝಳ, ವಿಮಾನದ ವೇಗ ಮತ್ತು ಕೈ ಅಲುಗಾಟದಿಂದ ಮಸುಕಾಗುವುದು ಸಾಮಾನ್ಯ. ಸಾಮಾನ್ಯ ನಿಜ. ಆ ಮೂರನ್ನೂ ನಾನು ಅಲ್ಲಗಳೆಯುವುದಿಲ್ಲ. ಉದ್ದನೆಯ ಲೆನ್ಸ್ ಹಿಡಿದು ಜೆಟ್ ಹಿಂದೆ ಬಿದ್ದವರೆಲ್ಲ ಈ ಮೂರರ ಜೊತೆಗೇ ಗುದ್ದಾಡುವುದು. ಆದರೆ ನನ್ನ ಚಿತ್ರಗಳಲ್ಲಿರುವುದು ಈ ಮೂರೂ ಅಲ್ಲ. ಯಾಕೆ ಅಲ್ಲ ಎಂದು ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ. ನಿಮ್ಮ ತಂತ್ರಜ್ಞರು ಓದಿದರೆ ಅವರಿಗೆ ತಕ್ಷಣ ಗೊತ್ತಾಗುತ್ತದೆ. ಇಮೇಲಿಗೆ ಉತ್ತರ ಬರೆದವರು ತಂತ್ರಜ್ಞರಲ್ಲ ಎಂಬುದು ನನ್ನ ಊಹೆ.

ಮೊದಲು ಝಳದ ವಿಷಯ. ಬಿಸಿಯಾದ ರನ್‌ವೇ ಮೇಲೆ ಗಾಳಿ ಪದರ ಪದರವಾಗಿ ಏಳುತ್ತದೆ. ಬಿಸಿ ಗಾಳಿ ಮತ್ತು ತಣ್ಣನೆಯ ಗಾಳಿ ಬೆಳಕನ್ನು ಬೇರೆ ಬೇರೆಯಾಗಿ ಬಾಗಿಸುತ್ತವೆ. ಅದಕ್ಕೇ ಟ್ಯಾಕ್ಸಿ ಮಾಡುತ್ತಿರುವ, ಅಂದರೆ ನೆಲದ ಮೇಲೆ ಉರುಳುತ್ತಿರುವ, ವಿಮಾನದ ಅಂಚು ನೀರಿನೊಳಗೆ ನೋಡಿದಂತೆ ಅಲುಗುತ್ತದೆ. ಈ ಅಲುಗಾಟ ಒಂದೇ ಕಡೆ ನಿಲ್ಲುವುದಿಲ್ಲ. ಒಂದು ಫ್ರೇಮಿನಲ್ಲಿ ಮೂತಿ ಹಾಳು, ಮುಂದಿನ ಫ್ರೇಮಿನಲ್ಲಿ ಬಾಲ ಹಾಳು. ಬಟನ್ ಒತ್ತಿ ಹಿಡಿದು ಸಾಲಾಗಿ ತೆಗೆಯುವ ಒಂದು ಸೆಕೆಂಡಿನ ಬರ್ಸ್ಟ್‌ನೊಳಗೇ ಚಿತ್ರದಿಂದ ಚಿತ್ರಕ್ಕೆ ಬದಲಾಗುತ್ತಿರುತ್ತದೆ. ನನ್ನ ಚಿತ್ರಗಳಲ್ಲಿ ಮಂಕು ಯಾವಾಗಲೂ ಒಂದೇ ಕಡೆ: ಎಡಗಡೆ. ಬೆಳಗಿನ ತಣ್ಣನೆ ಗಾಳಿಯಲ್ಲೂ ಎಡಗಡೆ, ನೆತ್ತಿಯ ಮೇಲೆ ಹಾರಿದಾಗಲೂ ಎಡಗಡೆ. ನನ್ನ ಫ್ರೇಮಿನ ಎಡಭಾಗ ಯಾವುದು ಎಂದು ಝಳಕ್ಕೆ ಹೇಗೆ ಗೊತ್ತಾಗಬೇಕು?

ವೇಗದ ವಿಷಯ. ಗಂಟೆಗೆ 900 ಕಿಲೋಮೀಟರ್ ವೇಗದಲ್ಲಿ ಬರುವ ಜೆಟ್ ಸೆಕೆಂಡಿಗೆ 250 ಮೀಟರ್ ಸಾಗುತ್ತದೆ. ಸೆಕೆಂಡಿನ 2000ದ ಒಂದು ಭಾಗ ಶಟರ್ ತೆರೆದರೆ ಅಷ್ಟರಲ್ಲಿ ಅದು ಚಲಿಸುವುದು ಹನ್ನೆರಡೂವರೆ ಸೆಂಟಿಮೀಟರ್. ಕ್ಯಾಮೆರಾ ಸುಮ್ನೆ ನಿಂತಿದ್ದರೆ ಅಷ್ಟು ಗೀಚು ಕಾಣಬಹುದು. ಆದರೆ ಜೆಟ್ ತೆಗೆಯುವವರು ಯಾರೂ ಕ್ಯಾಮೆರಾ ನಿಲ್ಲಿಸಿಕೊಂಡು ತೆಗೆಯುವುದಿಲ್ಲ. ವಿಮಾನದ ಜೊತೆಗೇ ಸೊಂಟ ತಿರುಗಿಸುತ್ತಾ ಪ್ಯಾನ್ ಮಾಡುತ್ತೇವೆ. ನನ್ನ ಶಟರ್ 1/1600 ಮತ್ತು 1/2000ದಲ್ಲಿತ್ತು. ಚಿತ್ರದ ಫೈಲ್‌ಗಳಲ್ಲಿ ಆ ಮಾಹಿತಿ ಇದೆ, ನೋಡಬಹುದು. ಕೈ ಅಲುಗಿದ್ದರೆ ಅಥವಾ ಪ್ಯಾನ್ ತಪ್ಪಿದ್ದರೆ ಇಡೀ ವಿಮಾನ ಒಂದು ದಿಕ್ಕಿಗೆ ಎಳೆದಂತೆ ಕಾಣಬೇಕು. ಇಲ್ಲಿ ಹಾಗಿಲ್ಲ. ಒಂದೇ ವಿಮಾನದ ಬಲ ತುದಿಯಲ್ಲಿ ರಿವೆಟ್ ಎಣಿಸಬಹುದು, ಎಡ ತುದಿಯಲ್ಲಿ ಗೆರೆಗಳು ಎರಡೆರಡಾಗಿ ಕಾಣುತ್ತವೆ.

ಫೋನಿನಲ್ಲಿ ಇನ್ನೊಂದು ಸಲಹೆ ಬಂತು: ಎಲ್ಲದಕ್ಕೂ 1/4000 ಇಟ್ಟು ನೋಡಿ ಅಂತ. ದಯವಿಟ್ಟು ಬೇರೆ ಗ್ರಾಹಕರಿಗೆ ಇದನ್ನು ಹೇಳಬೇಡಿ. ಪ್ರೊಪೆಲರ್ ವಿಮಾನಕ್ಕೆ 1/4000 ಇಟ್ಟರೆ ಫ್ಯಾನ್ ನಿಂತೇ ಹೋದಂತೆ ಬರುತ್ತದೆ, ಆಕಾಶದಲ್ಲಿ ಆಟಿಕೆ ನೇತುಹಾಕಿದ ಹಾಗೆ. ಅವಕ್ಕೆ 1/250ಕ್ಕೋ ಅದಕ್ಕೂ ಕೆಳಗೋ ಇಳಿಯಬೇಕು.

ಇನ್ನು ಆಟೋಫೋಕಸ್ ಫೈನ್ ಟ್ಯೂನ್ ಮಾಡಿ, ಅಂದರೆ ಫೋಕಸ್ ಬೀಳುವ ಜಾಗವನ್ನು ಕ್ಯಾಮೆರಾದಲ್ಲೇ ತುಸು ಹಿಂದೆ ಮುಂದೆ ಸರಿಸಿ, ಎಂದಿರಿ. ಫೋಕಸ್ ಹಿಂದೆ ಮುಂದೆ ಆಗಿದ್ದರೆ ಇಡೀ ವಿಮಾನ ಮಂಕಾಗಬೇಕಿತ್ತು, ಅಲ್ವಾ? ಈ ದೂರದಲ್ಲಿ ಡೆಪ್ತ್ ಆಫ್ ಫೀಲ್ಡ್, ಅಂದರೆ ಮುಂದೆ ಹಿಂದೆ ಸ್ಪಷ್ಟವಾಗಿ ಬರುವ ಜಾಗ, ಕಡಿಮೆ ಏನಲ್ಲ. ಫುಲ್ ಫ್ರೇಮ್ ಕ್ಯಾಮೆರಾದಲ್ಲಿ 600 ಎಂಎಂ, ಅಪರ್ಚರ್ (ಬೆಳಕು ಒಳಬರುವ ಕಂಡಿ) ಎಫ್ 6.3 ಇಟ್ಟು 450 ಮೀಟರ್ ದೂರಕ್ಕೆ ಫೋಕಸ್ ಮಾಡಿದರೆ ಮುಂದೆ ಹಿಂದೆ ಸೇರಿ 200 ಮೀಟರ್‌ಗೂ ಜಾಸ್ತಿ ಜಾಗ ಫೋಕಸ್ಸಿನಲ್ಲಿರುತ್ತದೆ. ಒಂಬತ್ತು ಜೆಟ್‌ಗಳು ವಜ್ರದಾಕಾರದಲ್ಲಿ ಒಟ್ಟಿಗೆ ಹಾರುವ ಡೈಮಂಡ್ ಫಾರ್ಮೇಶನ್ ಪೂರ್ತಿ ಅದರೊಳಗೆ ಆರಾಮಾಗಿ ಹಿಡಿಸುತ್ತದೆ. ನನ್ನ ಡೈಮಂಡ್ ಚಿತ್ರಗಳಲ್ಲಿ ಬಲಗಡೆಯ ವಿಮಾನಗಳ ಕಾಕ್‌ಪಿಟ್‌ನೊಳಗೆ ಪೈಲಟ್‌ನ ಹೆಲ್ಮೆಟ್ ಕಾಣುತ್ತದೆ. ಎಡಗಡೆಯವುಗಳಲ್ಲಿ ಕಾಕ್‌ಪಿಟ್ ಎಲ್ಲಿದೆ ಎಂದು ಹುಡುಕಬೇಕು. ಒಂದೇ ಕ್ಲಿಕ್, ಒಂದೇ ಬೆಳಕು, ಒಂದೇ ವೇಗ.

ನಿಮಗೆ ಹೆಚ್ಚು ಸುಲಭವಾಗಿ ಕಾಣುವ ಸಾಕ್ಷಿ ಬೇರೆ ಇದೆ. ವಿಮಾನ ಹೋಗುವ ದಿಕ್ಕಿನಲ್ಲಿ ಫ್ರೇಮಿನೊಳಗೆ ಖಾಲಿ ಜಾಗ ಬಿಡುವುದು ವಾಡಿಕೆ. ಹಾಗಾಗಿ ಎಡದಿಂದ ಬಲಕ್ಕೆ ಹಾರುವ ವಿಮಾನ ಫ್ರೇಮಿನ ಎಡಗಡೆಗೆ ಕೂರುತ್ತದೆ, ಬಲದಿಂದ ಎಡಕ್ಕೆ ಹಾರುವುದು ಬಲಗಡೆಗೆ. ನಾನು ಕಳಿಸಿರುವ ಜೋಡಿ ಚಿತ್ರಗಳಲ್ಲಿ ಎರಡೂ ಒಂದೇ ಎಫ್-16 ಯುದ್ಧವಿಮಾನ. ಹೋಗಿ, ತಿರುಗಿ, ಮತ್ತೆ ಬಂದಿದೆ. ನಡುವೆ ಸೆಟ್ಟಿಂಗ್ ಬದಲಾಗಿಲ್ಲ. ಬಲದಿಂದ ಎಡಕ್ಕೆ ಹೋಗುವಾಗ ಬಾಲದ ಮೇಲಿನ ನಂಬರ್ ಓದಬಹುದು. ಎಡದಿಂದ ಬಲಕ್ಕೆ ಹೋಗುವಾಗ ಅದೇ ನಂಬರ್ ಬರೀ ಬೂದು ಪಟ್ಟಿ. ಇಡೀ ಪ್ರದರ್ಶನ ಹೀಗೇ ಬಂದಿದೆ.

ಮನೆಗೆ ಬಂದ ಮೇಲೆ ಪರೀಕ್ಷೆಯನ್ನೂ ಮಾಡಿದೆ. ಬಿಸಿಲು ಏರುವ ಮೊದಲು, ಗಟ್ಟಿ ಟ್ರೈಪಾಡ್ ಮೇಲೆ, ರಿಮೋಟ್ ಶಟರ್ ಹಾಕಿ, ಸ್ಟೆಬಿಲೈಸೇಶನ್ (ಅಲುಗಾಟ ತಡೆಯುವ ವ್ಯವಸ್ಥೆ) ಆಫ್ ಮಾಡಿ, ದೂರದ ಒಂದು ಕಟ್ಟಡದ ಸಮತಟ್ಟು ಗೋಡೆ ತೆಗೆದೆ. ಎಡಗಡೆಯ ಕಿಟಕಿಗಳು ಮಂಕು. ಆಮೇಲೆ ಲೆನ್ಸನ್ನು ಟ್ರೈಪಾಡ್‌ಗೆ ಹಿಡಿಸುವ ಬಳೆ, ಅಂದರೆ ಟ್ರೈಪಾಡ್ ಕಾಲರ್, ಸಡಿಲಿಸಿ ಕ್ಯಾಮೆರಾ, ಲೆನ್ಸ್ ಎರಡನ್ನೂ ಒಟ್ಟಿಗೆ ತಲೆಕೆಳಗು ಮಾಡಿ ಅದೇ ಗೋಡೆ ತೆಗೆದೆ. ಈಗ ಅದೇ ಕಟ್ಟಡದ ಬಲಗಡೆಯ ಕಿಟಕಿಗಳು ಮಂಕು, ಎಡಗಡೆಯವು ಸ್ಪಷ್ಟ. ಅಂದರೆ ಮಂಕು ಇರುವುದು ಗಾಳಿಯಲ್ಲೂ ಅಲ್ಲ, ಗೋಡೆಯಲ್ಲೂ ಅಲ್ಲ. ಕ್ಯಾಮೆರಾದ್ದೇ ತಪ್ಪಿರಬಹುದೇ ಎಂದು ಅದೇ ಕ್ಯಾಮೆರಾಗೆ ಬೇರೆ ಲೆನ್ಸ್ ಹಾಕಿದೆ, ಎರಡೂ ಬದಿ ಚೆನ್ನಾಗಿದೆ. ಈ ಲೆನ್ಸನ್ನು ಸ್ನೇಹಿತರ ಕ್ಯಾಮೆರಾಗೆ ಹಾಕಿದೆ, ಮತ್ತೆ ಎಡಗಡೆ ಮಂಕು. ಇನ್ನು ಉಳಿಯುವುದು ಲೆನ್ಸ್ ಒಂದೇ. ಇಷ್ಟೆಲ್ಲ ಮಾಡಬೇಕಾದದ್ದು ನಿಮ್ಮ ವರ್ಕ್‌ಶಾಪ್‌ನಲ್ಲಿ, ನನ್ನ ಮನೆಯ ಮಹಡಿ ಮೇಲೆ ಅಲ್ಲ.

ನಿಮ್ಮ ಜಾಬ್ ಶೀಟ್‌ನಲ್ಲಿ ಇರುವುದು ಒಂದೇ ಸಾಲು: ಟೆಸ್ಟ್ ಮಾಡಲಾಗಿದೆ, ಓಕೆ. ಏನು ಟೆಸ್ಟ್ ಎಂದು ಫೋನಿನಲ್ಲಿ ಕೇಳಿದೆ. ಒಳಾಂಗಣದಲ್ಲಿ ಚಾರ್ಟ್ ಇಟ್ಟು, 150 ಎಂಎಂನಲ್ಲಿ, ಮಧ್ಯಭಾಗ ನೋಡಿದ್ದಾರಂತೆ. ಈ ಲೆನ್ಸನ್ನು 150ರಲ್ಲಿ ಬಳಸಲು ಯಾರೂ ಎರಡು ಕಿಲೋ ತೂಕ ಹೊರುವುದಿಲ್ಲ. ಗಾಜು ಓರೆಯಾದ ಲೆನ್ಸ್ ಎಷ್ಟೋ ಸಲ ಮಧ್ಯದಲ್ಲಿ ಸರಿಯಾಗಿಯೇ ಕಾಣುತ್ತದೆ. ತಪ್ಪು ಗೊತ್ತಾಗುವುದು ಅಂಚುಗಳಲ್ಲಿ, ಉದ್ದದ ತುದಿಯಲ್ಲಿ, ದೂರದ ಫೋಕಸ್ಸಿನಲ್ಲಿ. ನೀವು ನೋಡದೇ ಬಿಟ್ಟ ಮೂರೂ ಅವೇ. ಕನ್ನಡಕದ ಒಂದು ಗಾಜು ಮಾತ್ರ ನೋಡಿ ಎರಡೂ ಸರಿ ಇದೆ ಎಂದ ಹಾಗಾಯಿತು.

ಅಪರ್ಚರ್ ಎಫ್ 11ಕ್ಕೆ ಇಳಿಸಿದರೆ ಎಡಭಾಗ ಸ್ವಲ್ಪ ಸುಧಾರಿಸುತ್ತದೆ, ನಿಜ. ಆದರೆ ಎಫ್ 8ರಿಂದ ಅಲ್ಲಿಗೆ ಇಳಿದರೆ ಅರ್ಧ ಬೆಳಕು ಹೋಯಿತು, ಐಎಸ್ಒ (ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆ) ಎರಡು ಪಟ್ಟು. ಮೋಡ ಕವಿದ ದಿನ ಅದು ಕಷ್ಟ. ಮೇಲಾಗಿ ಏರ್‌ಶೋ ಚಿತ್ರದಲ್ಲಿ ಮುಕ್ಕಾಲು ಪಾಲು ಖಾಲಿ ಆಕಾಶ. ಅಪರ್ಚರ್ ಚಿಕ್ಕದಾದಷ್ಟೂ ಸೆನ್ಸರ್ ಮೇಲಿನ ಒಂದೊಂದು ಧೂಳಿನ ಕಣವೂ ಆಕಾಶದಲ್ಲಿ ಕಪ್ಪು ಚುಕ್ಕೆಯಾಗಿ ಎದ್ದು ಕೂರುತ್ತದೆ. ಆಮೇಲೆ ಕೂತು ಒಂದೊಂದೇ ಅಳಿಸಬೇಕು.

ಈಗ ನನಗೆ ನಿಜವಾಗಿ ಬೇಜಾರು ತಂದ ಮಾತಿಗೆ ಬರುತ್ತೇನೆ. ‘ಸರ್, 400ರವರೆಗೆ ಬಳಸಿ, ಅಲ್ಲಿ ಚೆನ್ನಾಗಿಯೇ ಬರುತ್ತಲ್ಲ’ ಎಂದರು ನಿಮ್ಮ ಕೌಂಟರಿನವರು. 600 ಎಂಎಂ ಏನೋ ಶೋಕಿ ಎಂಬ ಧಾಟಿ ಅದರಲ್ಲಿತ್ತು. ಏರ್‌ಶೋಗಳಲ್ಲಿ ಜನರನ್ನು ದೂರ ಇಡುವುದಕ್ಕೆ ಕಾರಣ ಇದೆ. 1952ರಲ್ಲಿ ಇಂಗ್ಲೆಂಡಿನ ಫಾರ್ನ್‌ಬರೋದಲ್ಲಿ ಡಿಎಚ್ 110 ಜೆಟ್ ಆಕಾಶದಲ್ಲೇ ಒಡೆದು ಚೂರುಗಳು ಜನರ ಮೇಲೆ ಬಿದ್ದವು. ವಿಮಾನದಲ್ಲಿದ್ದ ಇಬ್ಬರು, ನೋಡಲು ಬಂದಿದ್ದ 29 ಜನ ಸತ್ತರು. 1988ರಲ್ಲಿ ಜರ್ಮನಿಯ ರಾಮ್‌ಸ್ಟೈನ್‌ನಲ್ಲಿ ಇಟಲಿಯ ತಂಡದ ಮೂರು ಜೆಟ್‌ಗಳು ಡಿಕ್ಕಿಯಾಗಿ ಒಂದು ಜನರ ಮಧ್ಯೆ ಬಿತ್ತು. 70 ಜನ ಸತ್ತರು. ಇಂಥ ದುರಂತಗಳ ನಂತರ ನಿಯಮಗಳು ಬಿಗಿಯಾದವು. ಅಮೆರಿಕದಲ್ಲಿ ವೇಗದ ಜೆಟ್‌ಗಳ ಪ್ರದರ್ಶನ ಜನರಿಂದ 1500 ಅಡಿ ದೂರದಲ್ಲಿ ನಡೆಯಬೇಕು, ಸುಮಾರು 457 ಮೀಟರ್. ಹಾಗೇ ಇರಬೇಕು, ಅದರಲ್ಲಿ ನನ್ನ ತಕರಾರಿಲ್ಲ. ಹತ್ತಿರ ಹೋಗಿ ತೆಗೆಯುವ ದಾರಿಯೇ ಇಲ್ಲ, ಇರುವುದು ಲೆನ್ಸ್ ಉದ್ದ ಮಾಡಿಕೊಳ್ಳುವ ದಾರಿ ಒಂದೇ.

ಲೆಕ್ಕ ಹಾಕಿ ನೋಡಿ. ಎಫ್-16 ಉದ್ದ ಸುಮಾರು 15 ಮೀಟರ್. 457 ಮೀಟರ್ ದೂರದಿಂದ 600 ಎಂಎಂನಲ್ಲಿ ಅದು 36 ಮಿಲಿಮೀಟರ್ ಅಗಲದ ಸೆನ್ಸರ್ ಮೇಲೆ 20 ಮಿಲಿಮೀಟರ್ ಹತ್ತಿರ ಬರುತ್ತದೆ, ಅರ್ಧಕ್ಕಿಂತ ತುಸು ಜಾಸ್ತಿ. 400ರಲ್ಲಿ 13 ಮಿಲಿಮೀಟರ್. ಅದನ್ನು ಕ್ರಾಪ್ ಮಾಡಿ 600ರಷ್ಟು ಮಾಡಿದರೆ 24 ಮೆಗಾಪಿಕ್ಸೆಲ್ ಚಿತ್ರದಲ್ಲಿ 11 ಕೂಡ ಉಳಿಯುವುದಿಲ್ಲ. ರೆಕ್ಕೆಯ ಮೇಲೆ ಬಿಳಿ ಆವಿ ಮೂಡುವುದು, ಆಫ್ಟರ್‌ಬರ್ನರ್ (ಜೆಟ್‌ನ ಬಾಲದಲ್ಲಿ ಹೆಚ್ಚುವರಿ ಇಂಧನ ಉರಿಸುವ ಭಾಗ) ಬೆಂಕಿಯೊಳಗೆ ಸಾಲಾಗಿ ಕಾಣುವ ವಜ್ರದಾಕಾರಗಳು, ಇವೆಲ್ಲ ಕ್ಷಣಮಾತ್ರದ್ದು. ಅವು ಚೆನ್ನಾಗಿ ಬರಲಿ ಎಂದೇ 600ರವರೆಗೆ ಹೋಗುವ ಲೆನ್ಸ್ ಕೊಂಡದ್ದು. 600ರವರೆಗೂ ಕೆಲಸ ಮಾಡಲಿ ಎಂದೇ ನಿಮಗೆ ರಿಪೇರಿ ದುಡ್ಡು ಕೊಟ್ಟದ್ದು. ‘ಮೊಬೈಲಿನಲ್ಲಿ ನೋಡಿದರೆ ಏನೂ ಗೊತ್ತಾಗಲ್ಲ’ ಎಂಬ ಸಮಾಧಾನವೂ ಸಿಕ್ಕಿತು. ಅದಕ್ಕೆ ನನ್ನ ಹತ್ತಿರ ಉತ್ತರವಿಲ್ಲ.

ನನಗೆ ಬೇಕಾದದ್ದು ಇಷ್ಟು. ಲೆನ್ಸನ್ನು ಮತ್ತೆ ಬಿಚ್ಚಿ, ಗಾಜುಗಳನ್ನು ಅಳತೆ ಮಾಡಿ ಸರಿಯಾಗಿ ಕೂರಿಸಿಕೊಡಿ. ಇದಕ್ಕೆ ಮತ್ತೆ ಶುಲ್ಕ ಕೇಳಬೇಡಿ, ಸಾಗಾಟದ ಖರ್ಚೂ ನಿಮ್ಮದೇ. ವಾಪಸ್ ಕೊಡುವಾಗ 600 ಎಂಎಂನಲ್ಲಿ, ಅಪರ್ಚರ್ ಪೂರ್ತಿ ತೆರೆದು, ಮಧ್ಯ ಮತ್ತು ನಾಲ್ಕು ಮೂಲೆಗಳಲ್ಲಿ ತೆಗೆದ ಟೆಸ್ಟ್ ಚಿತ್ರಗಳನ್ನು ಕೊಡಿ, ಟೆಸ್ಟ್ ಮಾಡಿದವರ ಸಹಿಯೊಂದಿಗೆ. ‘ಓಕೆ’ ಎಂಬ ಒಂದು ಸಾಲನ್ನು ಈ ಸಲ ಒಪ್ಪುವುದಿಲ್ಲ. ಸರಿಪಡಿಸಲು ನಿಮ್ಮಲ್ಲಿ ಸಲಕರಣೆ ಇಲ್ಲದಿದ್ದರೆ ಅದನ್ನು ಲಿಖಿತವಾಗಿ ತಿಳಿಸಿ, ಮೊದಲ ಸರ್ವಿಸ್ ಶುಲ್ಕವನ್ನು ಪೂರ್ತಿ ಹಿಂದಿರುಗಿಸಿ. ಆ ಪತ್ರ ಇಟ್ಟುಕೊಂಡು ನಾನು ಕಂಪನಿಯ ಮುಖ್ಯ ಕಾರ್ಖಾನೆಗೇ ಕಳಿಸುತ್ತೇನೆ. ಹೋದ ಶೋ ಅಂತೂ ಹೋಯಿತು, ಅದಕ್ಕೆ ನೀವು ಏನು ಕೊಟ್ಟರೂ ತುಂಬುವುದಿಲ್ಲ, ಅದನ್ನು ಕೇಳುತ್ತಲೂ ಇಲ್ಲ.

15 ದಿನದೊಳಗೆ ಉತ್ತರ ಬರಲಿ. ಬಾರದಿದ್ದರೆ ಇದೇ ಪತ್ರ, ಇದೇ ಚಿತ್ರಗಳು ಗ್ರಾಹಕರ ದೂರು ವೇದಿಕೆಗೆ ಹೋಗುತ್ತವೆ. ಜಾಬ್ ಶೀಟ್ ಪ್ರತಿ, ಬಿಲ್, ಗೋಡೆಯ ಎರಡು ಚಿತ್ರ, ಎಫ್-16 ಜೋಡಿ ಚಿತ್ರ, ಡೈಮಂಡ್ ಫಾರ್ಮೇಶನ್ ಚಿತ್ರಗಳನ್ನು ಮೂಲ ಫೈಲ್ ಸಮೇತ ಲಗತ್ತಿಸಿದ್ದೇನೆ. ಜೊತೆಗೆ ಸರ್ವಿಸ್‌ಗೆ ಕೊಡುವ ಮೊದಲು ಇದೇ ಲೆನ್ಸಿನಲ್ಲಿ 600 ಎಂಎಂನಲ್ಲಿ ತೆಗೆದ ಹಳೆಯ ಚಿತ್ರಗಳೂ ಇವೆ. ಅವುಗಳ ಎಡಭಾಗವನ್ನು ದೊಡ್ಡ ಪರದೆಯ ಮೇಲೆ ನೋಡಿ, ಮೊಬೈಲಿನಲ್ಲಿ ಬೇಡ. ಉತ್ತರವನ್ನು ಲೆನ್ಸ್ ಬಿಚ್ಚಿದವರೇ ಬರೆದರೆ ಇಬ್ಬರಿಗೂ ಸಮಯ ಉಳಿಯುತ್ತದೆ.

ಇಂತಿ,
ನಿಮ್ಮ ಗ್ರಾಹಕ