ಮಗಳಿಗೊಂದು ಪತ್ರ: ಲಿಫ್ಟ್ ನಿಂತ ಮೇಲೆ ಅಲ್ಲಿ ಯಾರಿರುತ್ತಾರೆ?

ಪ್ರೀತಿಯ ಮಗಳೇ,

ನಿನ್ನೆ ಫೋನಿನಲ್ಲಿ ಮಾತು ಅರ್ಧಕ್ಕೇ ನಿಂತಿತು. ನಿನಗೆ ರಾತ್ರಿ ಡ್ಯೂಟಿಗೆ ಹೊತ್ತಾಯಿತು, ಇಲ್ಲಿ ಮೀನಿನವಳು ಬಂದು ಗೇಟು ಬಡಿಯುತ್ತಿದ್ದಳು. ಅದಕ್ಕೆ ಬರೆಯುತ್ತಿದ್ದೇನೆ. ವಾಟ್ಸಾಪಿನಲ್ಲೇ ಕಳಿಸುತ್ತೇನೆ, ಉದ್ದ ಆಯಿತು ಅಂತ ಬೈಯಬೇಡ, ಬಿಡುವಾದಾಗ ಓದು.

ನಿಮ್ಮ ಕೆನಡಾದ ಆ ಗುಡ್ಡದ ಮೇಲಿನ ಸ್ಕೀ ರೆಸಾರ್ಟ್ ಊರು ಸನ್ ಪೀಕ್ಸ್‌ನಲ್ಲಿ ಮನೆ ತೆಗೆದುಕೊಂಡು ವರ್ಷವಿಡೀ ಅಲ್ಲೇ ಇರುವುದಾ, ಇಲ್ಲ ಈಗಿರುವ ಕಾಮ್ಲೂಪ್ಸ್‌ನಲ್ಲೇ ಇದ್ದು ಶನಿವಾರ ಭಾನುವಾರ ಗುಡ್ಡ ಹತ್ತುವುದಾ ಅಂತ ಕೇಳಿದೆಯಲ್ಲ. ಅಳಿಯಂದಿರು ಆಗಲೇ ಮನಸ್ಸು ಮಾಡಿಯಾಗಿದೆ ಅಂತ ನಿನ್ನ ದನಿಯಲ್ಲೇ ಗೊತ್ತಾಯಿತು. ನಿನ್ನ ಅಪ್ಪನೂ ಅವರ ಕಡೆಯೇ. ಚಳಿಗಾಲದಲ್ಲಿ ಬಾಗಿಲು ತೆಗೆದರೆ ಸ್ಕೀ, ಬೇಸಿಗೆಯಲ್ಲಿ ಬಾಗಿಲು ತೆಗೆದರೆ ಗೋಲ್ಫ್, ಇನ್ನೇನು ಬೇಕು ಅನ್ನುತ್ತಾರೆ. ಜನ್ಮದಲ್ಲಿ ಗೋಲ್ಫ್ ಕೋಲು ಮುಟ್ಟಿದವರಲ್ಲ. ಪಿಲಿಕುಳದಲ್ಲಿ ಗೋಲ್ಫ್ ಮೈದಾನ ಇದೆ ಅಂತ ಗೊತ್ತು ಅಷ್ಟೆ, ನಾವು ಹೋದಾಗಲೆಲ್ಲ ಹುಲಿ ನೋಡಿ ವಾಪಸ್ ಬಂದದ್ದು.

ನಾನು ಬೇಡ ಅನ್ನುವುದಿಲ್ಲ. ಆದರೆ ಆ ಊರನ್ನು ಜನವರಿಯಲ್ಲಿ ನೋಡಿ ತೀರ್ಮಾನ ಮಾಡಬೇಡಿ. ಜುಲೈಯಲ್ಲಿ ನೋಡಿಯೂ ಬೇಡ. ಏಪ್ರಿಲ್ ಕೊನೆಗೆ ನೋಡಿ, ಅಕ್ಟೋಬರ್ ಕೊನೆಗೆ ನೋಡಿ. ಜನರನ್ನು ಗುಡ್ಡದ ಮೇಲಕ್ಕೆ ಒಯ್ಯುವ ಲಿಫ್ಟ್ ನಿಂತಿರುವಾಗ, ಗೋಲ್ಫ್ ಮೈದಾನಕ್ಕೆ ಹಗ್ಗ ಕಟ್ಟಿರುವಾಗ, ಯಾರ ಮನೆಯಲ್ಲಿ ದೀಪ ಉರಿಯುತ್ತದೆ ಅಂತ ಲೆಕ್ಕ ಹಾಕಿ. ನೀವು ಬದುಕಬೇಕಾದ್ದು ಅವರ ಜೊತೆ. ಸ್ಕೀ ಮಾಡಲು ವ್ಯಾಂಕೂವರ್‌ನಿಂದ ಬರುವವರ ಜೊತೆ ಅಲ್ಲ.

ಬೀಗ ಹಾಕಿದ ಮನೆಗಳ ವಿಷಯದಲ್ಲಿ ಈ ಕಟಪಾಡಿಯಲ್ಲಿ ನನ್ನಷ್ಟು ಗೊತ್ತಿರುವವರು ಕಡಿಮೆ, ಅದನ್ನು ನೀನೂ ಒಪ್ಪುತ್ತೀ. ಅಡುಗೆಮನೆಯ ಹಲಗೆ ಮೇಲಿನ ಬಿಸ್ಕೆಟ್ ಡಬ್ಬಿಯಲ್ಲಿ ಈಗ ಊರು ಬಿಟ್ಟ ನೆರೆಯವರ ಬೀಗದ ಕೈ ಇನ್ನೂ ಜಾಸ್ತಿ ಆಗಿದೆ. ಬೊಂಬಾಯಿಯವರದ್ದಕ್ಕೆ ಕೆಂಪು ಬಟ್ಟೆ ಚೂರು, ದುಬೈಯವರದ್ದಕ್ಕೆ ಹಸಿರು. ಆಟಿಯ ಮಳೆಯಲ್ಲಿ ಬಾಗಿಲು ಉಬ್ಬಿ ಕೂತಿರುತ್ತದೆ, ಹೆಗಲು ಕೊಟ್ಟು ನೂಕಬೇಕು. ಕಪಾಟು ತೆಗೆದರೆ ಮಡಚಿಟ್ಟ ಸೀರೆಯ ಮೇಲೆ ಹಸಿರು ಬೂಷ್ಟು, ಬೆಲ್ಟಿನ ಮೇಲೆ ಬಿಳಿ ಬೂಷ್ಟು. ದಾರಂದದ ಮೂಲೆಯಲ್ಲಿ ಒರಲೆಯ ಮಣ್ಣಿನ ಗೆರೆ ಎಲ್ಲಿಯವರೆಗೆ ಏರಿದೆ ಅಂತ ಟಾರ್ಚು ಹಿಡಿದು ನೋಡಬೇಕು. ಬಾವಿಯ ಪಂಪ್ ಸ್ವಲ್ಪ ಹೊತ್ತು ಓಡಿಸಬೇಕು, ಇಲ್ಲದಿದ್ದರೆ ಮೇ ತಿಂಗಳಲ್ಲಿ ಅವರು ಬಂದಿಳಿದ ದಿನವೇ ಜಾಮ್ ಆಗಿರುತ್ತದೆ. ಇಷ್ಟಕ್ಕೆಲ್ಲ ನಾನು ಸಂಬಳ ತೆಗೆದುಕೊಂಡಿದ್ದರೆ ಇಷ್ಟು ಹೊತ್ತಿಗೆ ಒಂದು ಸ್ಕೂಟರ್ ಆಗುತ್ತಿತ್ತು. ಸಿಗುವುದು ಮಾಹಿಮ್ ಹಲ್ವಾ.

ಅದು ಹೋಗಲಿ, ಮಾಡುವುದು ಕಷ್ಟ ಅಲ್ಲ. ಬೀಗ ಹಾಕಿದ ಮನೆಯಿಂದ ತೊಂದರೆ ಆಗುವುದು ಬೀಗ ಹಾಕದವರಿಗೆ. ಅವರ ಅಂಗಳದ ತೆಂಗಿನ ಚಿಪ್ಪಿನಲ್ಲಿ ನೀರು ನಿಂತರೆ ಸೊಳ್ಳೆ ಕಚ್ಚುವುದು ನಮಗೆ. ಕರೆಂಟು ಹೋದರೆ ದೂರು ಕೊಡುವುದು ಎರಡೇ ಮನೆಯವರು, ಹಾಗಾಗಿ ಲೈನ್‌ಮನ್‌ಗೂ ಅವಸರ ಇಲ್ಲ. ನಮ್ಮ ಓಣಿಯ ಅಂಗಡಿ ಮುಚ್ಚಿದ್ದು ವ್ಯಾಪಾರ ಗೊತ್ತಿಲ್ಲದೆ ಅಲ್ಲ, ದಿನಾ ಹಾಲು ಮೊಸರು ತೆಗೆದುಕೊಳ್ಳುವ ಮನೆಗಳೇ ಇಲ್ಲದೆ. ಮೇ ತಿಂಗಳು ಬಂದರೆ ಮದುವೆ, ನೇಮ, ರಸ್ತೆ ತುಂಬ ಕಾರು. ಜೂನ್‌ನಲ್ಲಿ ಶಾಲೆ ಶುರುವಾಗುವ ಮುಂಚೆ ಎಲ್ಲರೂ ಮತ್ಸ್ಯಗಂಧ ರೈಲು ಹತ್ತಿದರೆ ಮತ್ತೆ ನಾವೇ ನಾವು.

ಸನ್ ಪೀಕ್ಸ್‌ನಲ್ಲಿ ನಾನು ನೋಡಿದ್ದೂ ಇದನ್ನೇ, ಮೇ ತಿಂಗಳು ಅಲ್ಲಿ ಎರಡು ಸಲ ಬರುತ್ತದೆ ಅಷ್ಟೆ. ನೀವು ನನ್ನನ್ನು ಮೊದಲು ಕರೆದುಕೊಂಡು ಹೋದದ್ದು ಜುಲೈಯಲ್ಲಿ. ಲಿಫ್ಟಿನಲ್ಲಿ ಸೈಕಲ್ ನೇತುಹಾಕಿಕೊಂಡು ಹುಡುಗರು ಮೇಲೆ ಹೋಗುತ್ತಿದ್ದರು, ಗುಡ್ಡದ ತುದಿಯಲ್ಲಿ ಮಂಡಿಯವರೆಗೆ ಕಾಡು ಹೂ, ಐಸ್‌ಕ್ರೀಮಿಗೆ ಸಾಲು. ನಾನು ಊರಿಗೆ ಹೊರಡುವ ಮುಂಚೆ ಅಕ್ಟೋಬರ್‌ನಲ್ಲಿ ಇನ್ನೊಮ್ಮೆ ಹೋದೆವಲ್ಲ, ನೀನು ಯಾರಿಗೋ ಪಾತ್ರೆ ವಾಪಸ್ ಕೊಡುವುದಿದೆ ಅಂತ, ನನಗೆ ನೆನಪು ಉಳಿದದ್ದು ಆ ದಿನ. ಮಳೆಯೂ ಅಲ್ಲ ಹಿಮವೂ ಅಲ್ಲದ್ದು ಬೀಳುತ್ತಿತ್ತು. ಲಿಫ್ಟಿನ ಕುರ್ಚಿಗಳು ತಂತಿಯಲ್ಲಿ ಸುಮ್ನೆ ನೇತಾಡುತ್ತಿದ್ದವು. ಅಂಗಡಿಗಳ ಗಾಜಿಗೆ ಕಾಗದ ಅಂಟಿಸಿದ್ದರು, ನವೆಂಬರ್‌ನಲ್ಲಿ ತೆರೆಯುತ್ತೇವೆ ಅಂತ. ಕಾಫಿ ಅಂಗಡಿ ಹುಡುಕಿಕೊಂಡು ನಡೆದೆವು. ಒಬ್ಬ ಮುದುಕ ಸೊಂಟಕ್ಕೆ ಬೀಗದ ಕೈ ಗೊಂಚಲು ಕಟ್ಟಿಕೊಂಡು ಒಂದೊಂದೇ ಮನೆಗೆ ಹೊಕ್ಕು, ಹೀಟರ್ ನೋಡಿ, ನಲ್ಲಿ ತಿರುಗಿಸಿ, ಪುಸ್ತಕದಲ್ಲಿ ಗುರುತು ಹಾಕಿಕೊಂಡು ಹೊರಗೆ ಬರುತ್ತಿದ್ದ. ಅವನಿಗೆ ಅದಕ್ಕೆ ದುಡ್ಡು ಕೊಡುತ್ತಾರೆ ಅಂತ ನೀನು ಹೇಳಿದಾಗ ನನಗೆ ಸ್ವಲ್ಪ ಹೊಟ್ಟೆ ಉರಿಯಿತು.

ಅಲ್ಲಿ ಒರಲೆ ಬದಲು ಪೈಪು. ಚಳಿಗಾಲದಲ್ಲಿ ಹೀಟರ್ ಕೆಟ್ಟು ಮನೆಯಲ್ಲಿ ಯಾರೂ ಇಲ್ಲದಿದ್ದರೆ ಗೋಡೆಯೊಳಗಿನ ನೀರು ಹೆಪ್ಪುಗಟ್ಟಿ ಪೈಪು ಒಡೆಯುತ್ತದೆ, ಬಿಸಿಲು ಬಿದ್ದು ಕರಗಿದ ಮೇಲೆ ನೆಲವೆಲ್ಲ ನೀರು. ಬಿಟ್ಟು ಹೋದ ಮನೆಯನ್ನು ಯಾರಾದರೂ ಬಂದು ನೋಡುತ್ತಿರಬೇಕು, ಇಲ್ಲವೇ ನೀರು ಬಂದ್ ಮಾಡಿ ಪೈಪು ಖಾಲಿ ಮಾಡಿರಬೇಕು, ಇಲ್ಲದಿದ್ದರೆ ವಿಮೆಯವರು ತಕರಾರು ತೆಗೆಯುತ್ತಾರೆ. ನೀವು ಅಪಾರ್ಟ್‌ಮೆಂಟಿನಂಥ ಕಟ್ಟಡದಲ್ಲಿ ತೆಗೆದುಕೊಂಡರೆ ಮೇಲಿನ ಮನೆ ಯಾರದ್ದು, ಅವರು ವರ್ಷಕ್ಕೆ ಎಷ್ಟು ದಿನ ಬರುತ್ತಾರೆ ಅಂತ ಕೇಳು. ಅವರ ಪೈಪು ಒಡೆದರೆ ನೀರು ಇಳಿಯುವುದು ನಿಮ್ಮ ತಲೆ ಮೇಲೆ.

ಇಷ್ಟೆಲ್ಲ ಹೇಳಿದ ಮೇಲೆ ಆ ಊರಿನ ಒಳ್ಳೆಯದನ್ನೂ ಹೇಳಬೇಕಲ್ವಾ. ಅಳಿಯಂದಿರು ಕಳಿಸಿದ್ದನ್ನೆಲ್ಲ ನಾನು ಓದಿದೆ. 1961ರಲ್ಲಿ ಟಾಡ್ ಮೌಂಟನ್ ಅಂತ ಬರೀ ಸ್ಕೀ ಗುಡ್ಡವಾಗಿ ಶುರುವಾದದ್ದು, 1992ರಲ್ಲಿ ಜಪಾನಿನ ನಿಪ್ಪಾನ್ ಕೇಬಲ್ ಕೊಂಡ ಮೇಲೆ ಸನ್ ಪೀಕ್ಸ್ ಅಂತ ಹೆಸರು ಬದಲಾಯಿತು, 2010ರಲ್ಲಿ ಅದಕ್ಕೆ ತನ್ನದೇ ಪುರಸಭೆ ಬಂತು. ನನ್ನ ಕಣ್ಣಿಗೆ ಬಿದ್ದದ್ದು ಜನಗಣತಿ. 2016ರಲ್ಲಿ 616 ಜನ, 2021ರಲ್ಲಿ 1,404. ಐದು ವರ್ಷದಲ್ಲಿ ಎರಡು ಪಟ್ಟಿಗಿಂತ ಜಾಸ್ತಿ. ನಮ್ಮ ಓಣಿಯಲ್ಲಿ ಬೀಗ ಜಾಸ್ತಿ ಆಗುತ್ತಿದೆ, ಅಲ್ಲಿ ದೀಪ ಜಾಸ್ತಿ ಆಗುತ್ತಿದೆ. ಮೊದಲ ಮೇಯರ್ ಆದ ಆಲ್ ರೇನ್ ಮತ್ತು ಅವರ ಹೆಂಡತಿ ನ್ಯಾನ್ಸಿ ಗ್ರೀನ್, 1968ರ ಗ್ರೆನೋಬಲ್ ಒಲಿಂಪಿಕ್ಸ್‌ನಲ್ಲಿ ಸ್ಕೀಯಿಂಗ್ ಚಿನ್ನ ಗೆದ್ದಾಕೆ, ಇಬ್ಬರೂ ಬೇರೆ ಕಡೆಯಿಂದ ಬಂದು ಅಲ್ಲೇ ನೆಲೆಸಿದವರಂತೆ. ಶಾಲೆಯ ಕಥೆ ಇನ್ನೂ ಚೆನ್ನಾಗಿದೆ. ವರ್ಷಗಟ್ಟಲೆ ಗುಡ್ಡದ ಇಳಿಜಾರಿನಲ್ಲಿ ಇಟ್ಟ ಪೋರ್ಟಬಲ್ ಕೊಠಡಿಗಳಲ್ಲೇ ತರಗತಿ, ಮಕ್ಕಳು ಲಿಫ್ಟ್ ಹತ್ತಿ ಸ್ಕೀ ಮಾಡಿಕೊಂಡು ಪಾಠಕ್ಕೆ ಹೋಗುತ್ತಿದ್ದರು. ಅದನ್ನು ಹಟ ಹಿಡಿದು ಶುರು ಮಾಡಿಸಿದ್ದು ಅಪ್ಪ ಅಮ್ಮಂದಿರು. ಅಂಥ ನಾಲ್ಕು ಮನೆ ಇದ್ದರೆ ಊರು ಉಳಿಯುತ್ತದೆ. ನೀವು ಹುಡುಕಬೇಕಾದ್ದು ಆ ಮನೆಗಳ ಪಕ್ಕದಲ್ಲಿ ಜಾಗ, ಗೋಲ್ಫ್ ಮೈದಾನದ ಮೂರನೇ ಹೋಲಿನ ಹುಲ್ಲು ಕಾಣುವ ಕಿಟಕಿ ಅಲ್ಲ.

ಆ ಕಿಟಕಿಯ ಬಗ್ಗೆಯೂ ಹೇಳುತ್ತೇನೆ. ಗೋಲ್ಫ್ ಪಕ್ಕದ ಮನೆ ಅಂದರೆ ಬೆಳಕು ಹರಿಯುವ ಮುಂಚೆ ಹುಲ್ಲು ಕತ್ತರಿಸುವ ಮೆಷಿನ್, ರಾತ್ರಿ ಡ್ಯೂಟಿ ಮುಗಿಸಿ ಬಂದು ಮಲಗುವ ನಿನಗೆ ಅದು ಬೇಕಾ ಯೋಚಿಸು. ಸ್ಕೀ ಇಳಿಜಾರಿನ ಪಕ್ಕ ಅಂದರೆ ರಾತ್ರಿ ಹಿಮ ಸಮ ಮಾಡುವ ದೊಡ್ಡ ಗಾಡಿಗಳು ದೀಪ ಹಾಕಿಕೊಂಡು ಮೇಲೆ ಕೆಳಗೆ ಓಡಾಡುತ್ತವೆ. ಶಾಂತವಾದ ಊರು ಶಾಂತವಾದ ಊರು ಅಂತ ಅಳಿಯಂದಿರು ಹೇಳುತ್ತಲೇ ಇರುತ್ತಾರೆ, ಶಾಂತಿ ಯಾವ ತಿಂಗಳು, ಎಷ್ಟು ಗಂಟೆಗೆ ಅಂತ ಕೇಳು. ಅದಕ್ಕಿಂತ ಮುಖ್ಯ, ಪಕ್ಕದ ಮನೆಯನ್ನು ದಿನದ ಬಾಡಿಗೆಗೆ ಕೊಡುತ್ತಾರಾ ಅಂತ ಕೇಳು. ನಿಮ್ಮ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದಲ್ಲಿ 2024ರ ಮೇ 1ರಿಂದ ದೊಡ್ಡ ಊರುಗಳಲ್ಲಿ ತಾವು ವಾಸ ಇಲ್ಲದ ಮನೆಯನ್ನು ಹಾಗೆ ಕೊಡುವ ಹಾಗಿಲ್ಲ, ಸನ್ ಪೀಕ್ಸ್‌ನಂಥ ರೆಸಾರ್ಟ್ ಊರುಗಳಿಗೆ ವಿನಾಯಿತಿ ಇದೆ. ಅಂದರೆ ಶುಕ್ರವಾರ ಒಬ್ಬರು, ಮಂಗಳವಾರ ಇನ್ನೊಬ್ಬರು. ಅವರೆಲ್ಲ ಒಳ್ಳೆಯವರೇ ಇರಬಹುದು. ನಿನಗೆ ಜ್ವರ ಬಂದಾಗ ಗಂಜಿ ತಂದು ಕೊಡುವವರಲ್ಲ.

ರಸ್ತೆಯೇ ನನಗೆ ದೊಡ್ಡ ಚಿಂತೆ. ಅಳಿಯಂದಿರದ್ದು ಮನೆಯಲ್ಲೇ ಕೂತು ಮಾಡುವ ಕೆಲಸ, ಅವರಿಗೆ ಹಿಮ ಬಿದ್ದರೆ ಖುಷಿ. ನಿನ್ನದು ಆಸ್ಪತ್ರೆ. ಹೆಫ್ಲಿ ಕ್ರೀಕ್‌ವರೆಗೆ ಗುಡ್ಡದ ರಸ್ತೆ, ಅಲ್ಲಿಂದ ಹೆದ್ದಾರಿ, ಒಟ್ಟು ಮುಕ್ಕಾಲು ಗಂಟೆ ಅಂತ ಹೇಳುತ್ತಾರೆ, ಅದು ರಸ್ತೆ ಒಣಗಿರುವಾಗ. ಅಕ್ಟೋಬರ್ 1ರಿಂದ ಚಳಿಗಾಲದ ಟೈರ್ ಕಡ್ಡಾಯ ಅಂತ ಸರ್ಕಾರವೇ ಮಾಡಿದೆ ಅಂದ ಮೇಲೆ ಸುಮ್ನೆ ಮಾಡಿಲ್ಲ. ಡಿಸೆಂಬರ್‌ನಲ್ಲಿ ನಾಲ್ಕು ಗಂಟೆಗೇ ಕತ್ತಲು, ಜಿಂಕೆ ಅಡ್ಡ ಬರುತ್ತವೆ, ಮುಂದಿನ ಗಾಡಿ ಎರಚಿದ ಹಿಮದಲ್ಲಿ ರಸ್ತೆಯ ಅಂಚು ಕಾಣುವುದಿಲ್ಲ. ನಮ್ಮಲ್ಲಿ ವರ್ಷಕ್ಕೆ ನಾಲ್ಕು ಮೀಟರ್ ಮಳೆ ಸುರಿದರೂ ಎರಡು ಗಂಟೆಯಲ್ಲಿ ತೋಡು ಹಿಡಿದು ಸಮುದ್ರ ಸೇರುತ್ತದೆ. ಅಲ್ಲಿ ಬಿದ್ದದ್ದು ಏಪ್ರಿಲ್‌ವರೆಗೆ ಅಲ್ಲೇ ಇರುತ್ತದೆ, ಯಾರಾದರೂ ಬಾಚಬೇಕು. ನಿಮ್ಮ ಮನೆ ಎದುರಿನದ್ದನ್ನು ಯಾರು ಬಾಚುತ್ತಾರೆ, ತಿಂಗಳ ಶುಲ್ಕದಲ್ಲಿ ಅದು ಸೇರಿದೆಯಾ, ಬೆಳಿಗ್ಗೆ ಎಷ್ಟು ಗಂಟೆಗೆ ಬರುತ್ತಾರೆ, ಇದನ್ನು ಬರವಣಿಗೆಯಲ್ಲಿ ತೆಗೆದುಕೋ. ಊರಲ್ಲಿ ಕ್ಲಿನಿಕ್ ಇದೆ ಅಂದೆ, ಸಂತೋಷ. ದೊಡ್ಡದೇನಾದರೂ ಆದರೆ ಅದೇ ರಸ್ತೆಯಲ್ಲಿ ನಿನ್ನದೇ ಕೆಲಸದ ಊರಿಗೆ ಇಳಿಯಬೇಕು.

ಬೆಂಕಿಯದ್ದೂ ಹಾಗೆ. 2021ರ ಆ ಬೇಸಿಗೆ ಮರೆಯಲು ಆಗುವುದಿಲ್ಲ, ನಿಮ್ಮದೇ ಪ್ರಾಂತ್ಯದ ಲಿಟ್ಟನ್‌ನಲ್ಲಿ 49.6 ಡಿಗ್ರಿ ಆಗಿ ಮರುದಿನ ಊರೇ ಸುಟ್ಟು ಹೋಯಿತು ಅಂತ ಟಿವಿಯಲ್ಲಿ ನೋಡಿ ನಿನಗೆ ಫೋನ್ ಮೇಲೆ ಫೋನ್ ಮಾಡಿದೆ. ಅದೇ ವರ್ಷ ಸನ್ ಪೀಕ್ಸ್ ಹತ್ತಿರದ ಕಾಡಿಗೂ ಬೆಂಕಿ ಬಿದ್ದು, ಹೊರಡಲು ತಯಾರಾಗಿರಿ ಅಂತ ಜನರಿಗೆ ಹೇಳಿದ್ದರು. ಡಾಂಬರು ರಸ್ತೆ ಒಂದೇ ಇರುವ ಊರು. ಕಾಗದಪತ್ರ, ಪಾಸ್‌ಪೋರ್ಟ್, ಚಿನ್ನ ಒಂದೇ ಚೀಲದಲ್ಲಿ ಬಾಗಿಲ ಹತ್ತಿರ ಇಡುವ ಅಭ್ಯಾಸ ಜುಲೈಗೆ ಮುಂಚೆಯೇ ಮಾಡಿಕೊಳ್ಳಿ.

ಹಾಗಂತ ಕಾಮ್ಲೂಪ್ಸ್ ಸ್ವರ್ಗ ಅಂತಲೂ ನನಗೆ ಅನಿಸಲಿಲ್ಲ. ಚಳಿಗಾಲದಲ್ಲಿ ಕಣಿವೆಯಲ್ಲಿ ವಾರಗಟ್ಟಲೆ ಬೂದು ಮೋಡ ಕೂತಿರುತ್ತದೆ, ಮುಕ್ಕಾಲು ಗಂಟೆ ಮೇಲೆ ಹೋದರೆ ಫಳಫಳ ಬಿಸಿಲು ಅಂತ ನೀನೇ ಹೇಳಿದ್ದು. ಆ ಬಿಸಿಲಿಗಾಗಿಯೇ ಹೋಗುತ್ತೇನೆ ಅಂದರೆ ನನಗೆ ಅರ್ಥ ಆಗುತ್ತದೆ. ನೀನು ಮೊದಲ ವರ್ಷ ಹೇಗೆ ಮಂಕಾಗಿದ್ದೆ ಅಂತ ನಾನು ವಿಡಿಯೋದಲ್ಲಿ ನೋಡಿದ್ದೇನೆ.

ಹಾಗಾಗಿ ಕೊಳ್ಳಬೇಡಿ, ಮೊದಲು ಬಾಡಿಗೆಗೆ ಹೋಗಿ. ಅದೂ ಸೆಪ್ಟೆಂಬರ್‌ನಿಂದ ಜೂನ್‌ವರೆಗೆ, ಎರಡೂ ಖಾಲಿ ಕಾಲ ಒಳಗೆ ಬರುವ ಹಾಗೆ. ಡಿಸೆಂಬರ್‌ನಲ್ಲಿ ಸ್ಕೀ ಮಾಡುವವರು ಬಂದು ಬಾಡಿಗೆ ಏರಿದ ಮೇಲೆ ಮನೆ ಮಾಲೀಕರು ನಿಮ್ಮನ್ನು ಎಬ್ಬಿಸದ ಹಾಗೆ ಪೂರ್ತಿ ಅವಧಿಗೆ ಕರಾರು ಮಾಡಿಸಿ. ಆಮೇಲೂ ಕೊಳ್ಳುವ ಮನಸ್ಸಿದ್ದರೆ ಆ ಕಟ್ಟಡದ ಕಾಗದ ಓದಿ. ರೆಸಾರ್ಟ್‌ಗಳಲ್ಲಿ ಕೆಲವು ಮನೆಗಳನ್ನು ಇಂತಿಷ್ಟು ದಿನ ಬಾಡಿಗೆಗೆ ಬಿಟ್ಟುಕೊಡಲೇಬೇಕು, ಮಾಲೀಕರೇ ವರ್ಷವಿಡೀ ಇರುವ ಹಾಗಿಲ್ಲ ಅಂತ ಷರತ್ತು ಇರುತ್ತದೆ. ಕಟ್ಟಡದ ಮಾಲೀಕರ ಸಭೆಯ ನಡಾವಳಿ ಎರಡು ಮೂರು ವರ್ಷದ್ದು ಕೇಳಿ ತೆಗೆದುಕೋ, ಜಗಳ ಯಾವುದರ ಮೇಲೆ ಅಂತ ಅದರಲ್ಲಿ ಗೊತ್ತಾಗುತ್ತದೆ. ಅಪ್ಪ ಬ್ಯಾಂಕಿನಲ್ಲಿ ಇದ್ದವರು, ಅವರಿಗೂ ಕಳಿಸು, ಹುಲ್ಲು ಹಿಮ ಅಂತ ಕನಸು ಕಾಣುವುದು ಬಿಟ್ಟು ಸ್ವಲ್ಪ ಕೆಲಸ ಮಾಡಲಿ.

ಇನ್ನೊಂದು ಸಣ್ಣ ವಿಷಯ. ಆ ಊರು ಸಮುದ್ರ ಮಟ್ಟದಿಂದ 1,255 ಮೀಟರ್ ಮೇಲಿದೆ, ನೀರು 96 ಡಿಗ್ರಿಗೇ ಕುದಿಯಲು ಶುರುವಾಗುತ್ತದೆ. ನಮ್ಮ ಕುಚ್ಚಲಕ್ಕಿ ಬರೀ ಪಾತ್ರೆಯಲ್ಲಿ ಇಟ್ಟರೆ ಬೇಯುವಷ್ಟರಲ್ಲಿ ನಿನ್ನ ಡ್ಯೂಟಿ ಮುಗಿದಿರುತ್ತದೆ. ನಿನ್ನ ಕುಕ್ಕರ್ ಗ್ಯಾಸ್ಕೆಟ್ ಹೋಗಿದೆ ಅಂದಿದ್ದೆಯಲ್ಲ, ಎಷ್ಟು ಲೀಟರಿನದ್ದು, ಯಾವ ಕಂಪನಿಯದ್ದು ಅಂತ ಫೋಟೋ ಹಾಕು. ಚಿಕ್ಕಮ್ಮನ ಮಗ ಮುಂದಿನ ತಿಂಗಳು ವ್ಯಾಂಕೂವರ್‌ಗೆ ಬರುತ್ತಾನೆ, ಅವನ ಕೈಯಲ್ಲಿ ಎರಡು ಗ್ಯಾಸ್ಕೆಟ್, ಸಾಂತಾಣಿ, ಹಪ್ಪಳ ಕಳಿಸುತ್ತೇನೆ. ಹಲಸಿನ ಹಪ್ಪಳ ಈ ಸಲ ಕಮ್ಮಿ, ಮಳೆ ಬೇಗ ಬಂತು. ಇದ್ದದ್ದರಲ್ಲಿ ಅರ್ಧ ನಿನಗೆ, ಅಳಿಯಂದಿರು ಒಬ್ಬರೇ ಕೂತು ಖಾಲಿ ಮಾಡದ ಹಾಗೆ ನೋಡಿಕೋ.

ನಿನ್ನ,
ಅಮ್ಮ